ಗಾಜು ತೊಳೆಯಲು ತಂದ ಮೀನು

ಮೀನು ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕೊಳದ ಮೇಡಂ ಎಂದು. ಉಳಿದ ವಿಜ್ಞಾನಿಗಳು ಕೊಳದ ಹತ್ತಿರ ಸುಳಿಯುವುದೇ ಇಲ್ಲವೆಂದಲ್ಲ. ಫೋಟೋ ತೆಗೆಯುವವರು ಬಂದಾಗ ಅವರೂ ಮೊಣಕಾಲುದ್ದದ ಬೂಟು ಹಾಕಿಕೊಂಡು ಬಂದು ದಂಡೆಯ ಮೇಲೆ ನಿಂತು ದೂರಕ್ಕೆ ಬೆರಳು ತೋರಿಸುತ್ತಾರೆ. ಕೆಸರಿಗೆ ಇಳಿಯುವವಳು ಮಾತ್ರ ಇವಳು. ಕೇಂದ್ರ ಕೊಟ್ಟಿರುವ ರಬ್ಬರ್ ಪ್ಯಾಂಟು ಗಂಡಸರ ಅಳತೆಯದು; ಪಾದದ ಹತ್ತಿರ ಹಳೆಯ ಬಟ್ಟೆ ತುರುಕಿ, ಸೊಂಟಕ್ಕೊಂದು ಹಗ್ಗ ಬಿಗಿದು ಇಳಿಯುತ್ತಾಳೆ. ಹೆಂಗಸರ ಅಳತೆಯದೊಂದು ತರಿಸಿಕೊಡಿ ಎಂದು ಉಗ್ರಾಣದ ಗುಮಾಸ್ತನನ್ನು ಕೇಳಿದಾಗ, ಅಂಥದ್ದು ಎಲ್ಲೂ ತಯಾರಾಗುವುದೇ ಇಲ್ಲ ಎಂದು ಕುಳಿತಲ್ಲಿಂದ ಏಳದೆ ಹೇಳಿಬಿಟ್ಟಿದ್ದ.

ಅವಳು ಮೀನಿನ ಸಹವಾಸಕ್ಕೆ ಬಿದ್ದದ್ದು ಚಿಕ್ಕಂದಿನಲ್ಲಿ, ಅಣ್ಣನ ದೆಸೆಯಿಂದ. ಅಣ್ಣ ಹಟ ಹಿಡಿದು ಅಪ್ಪನ ಕೈಲಿ ಒಂದು ಗಾಜಿನ ಅಕ್ವೇರಿಯಂ ಕೊಡಿಸಿಕೊಂಡಿದ್ದ. ಮೀನು ಅಣ್ಣನದು, ನೀರು ಇವಳದು. ಮನೆಗೆ ಬಂದವರಿಗೆಲ್ಲ ಅವನು ಮೀನುಗಳ ಹೆಸರು ಹೇಳುತ್ತಿದ್ದ. ಇವಳು ಹಿತ್ತಲಲ್ಲಿ ಕುಳಿತು ಕಲ್ಲುಗಳಿಗಂಟಿದ ಪಾಚಿ ಉಜ್ಜುತ್ತಿದ್ದಳು. ನೀರು ಮಂಕಾದರೆ ಮೀನಿಗೇನಾಗುತ್ತದೆ, ವಾಸನೆ ಬದಲಾದರೆ ಏನರ್ಥ, ಯಾವ ಮೀನು ಉಳಿದವುಗಳ ಮೊಟ್ಟೆ ನುಂಗುತ್ತದೆ ಎಂಬುದೆಲ್ಲ ಉಜ್ಜುತ್ತ ಉಜ್ಜುತ್ತಲೇ ತಿಳಿಯಿತು. ಮುಂದೆ ಅದನ್ನೇ ಓದುತ್ತೇನೆ ಎಂದಾಗ ಅಪ್ಪ, ಹುಡುಗಿಗೆ ಮೀನಿನ ವಾಸನೆ ಅಂಟಿಕೊಂಡರೆ ಯಾರು ಮದುವೆಯಾಗುತ್ತಾರೆ ಎಂದು ತಲೆ ಕೆಡಿಸಿಕೊಂಡರು. ಅದೃಷ್ಟಕ್ಕೆ ಸಿಕ್ಕ ಗಂಡನಿಗೆ ವರ್ಷವಿಡೀ ನೆಗಡಿ.

ಗಂಡ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವ ಮೇಷ್ಟ್ರು. ಆಗಾಗ ಜೀವದಯೆಯ ಮೇಲೆ ಭಾಷಣಕ್ಕೂ ಹೋಗುತ್ತಾರೆ. ಒಳ್ಳೆಯವರು, ಕುಡಿತವಿಲ್ಲ, ಕೂಗಾಟವಿಲ್ಲ, ಇರುವೆಯನ್ನೂ ದಾಟಿಕೊಂಡು ನಡೆಯುವವರು. ಆ ಇರುವೆ ಬಂದದ್ದು ತಾವು ಚೆಲ್ಲಿದ ಸಕ್ಕರೆಗೆ ಎಂಬುದು ಮಾತ್ರ ಅವರ ಗಮನಕ್ಕೆ ಬರುವುದಿಲ್ಲ. ಮನೆಗೆಲಸದ ಮಾತು ಬಂದರೆ ಅವರ ಬಳಿ ಸಿದ್ಧ ಉತ್ತರವಿತ್ತು.

"ನಾನು ಕೆಲಸ ಮಾಡಲ್ಲ ಅಂತ ಯಾರು ಹೇಳಿದ್ದು? ನಾನು ಮಾಡೋಣ ಅಂತ ಏಳೋದರೊಳಗೆ ನೀವಿಬ್ಬರೂ ಮುಗಿಸಿರ್ತೀರಿ. ತಪ್ಪು ಯಾರದು, ನೀವೇ ಹೇಳಿ."

ನೀವಿಬ್ಬರು ಎಂದರೆ ಹೆಂಡತಿ ಮತ್ತು ತಾಯಿ. ಇಂಥ ತರ್ಕವನ್ನು ಮೂವತ್ತು ವರ್ಷ ಕೇಳಿಸಿಕೊಂಡಿದ್ದ ಅತ್ತೆ, ಅವನು ಏಳುವುದನ್ನು ಕಾದಿದ್ದರೆ ನಾವೆಲ್ಲ ಉಪವಾಸ ಬಿದ್ದು ಎಂದೋ ಮಣ್ಣಾಗುತ್ತಿದ್ದೆವು ಎಂದು ಸೊಸೆಯ ಹತ್ತಿರ ಮೂಗು ಮುರಿಯುತ್ತಿದ್ದರು.

ಮೇಷ್ಟರಿಗೆ ರಕ್ತದೊತ್ತಡ ಶುರುವಾದಾಗ ಯಾರೋ ಸ್ನೇಹಿತರು, ಮೀನು ಈಜುವುದನ್ನು ನೋಡುತ್ತ ಕುಳಿತರೆ ಒತ್ತಡ ಇಳಿಯುತ್ತದೆ ಎಂದರಂತೆ. ಮಾರನೆಯ ಭಾನುವಾರವೇ ನಡುಮನೆಗೆ ದೊಡ್ಡದೊಂದು ಅಕ್ವೇರಿಯಂ ಬಂತು. ಅವರ ಒತ್ತಡ ಇಳಿದದ್ದೂ ನಿಜ. ಯಾರದು ಏರಿತು ಎಂದು ಅಳೆದವರಿಲ್ಲ. ನೀರು ಬದಲಾಯಿಸುವುದು, ಫಿಲ್ಟರಿನ ಸ್ಪಂಜು ಹಿಂಡುವುದು, ಒಳಗೆ ಕೈಹಾಕಿ ಗಾಜು ಉಜ್ಜುವುದು ಹೆಂಡತಿಯ ಪಾಲಿಗೆ ಬಂತು. ದಿನವಿಡೀ ಮೀನಿನ ಜೊತೆಗೇ ಇರುತ್ತಾಳಲ್ಲ, ಅವಳಿಗಿದೇನು ಮಹಾ? ಕಲ್ಲು ತೊಳೆಯುವ ಕೆಲಸ ಅತ್ತೆಯದಾಯಿತು. ಇಬ್ಬರೂ ಗೊಣಗಿ ಗೊಣಗಿ, ಕೊನೆಗೊಂದು ವಾರ ಕೈಕಟ್ಟಿ ಕುಳಿತುಬಿಟ್ಟರು. ಗಾಜು ಹಸಿರಾಯಿತು, ಮೀನು ಕಾಣದಾಯಿತು, ಮೇಷ್ಟರ ಒತ್ತಡ ಏರಿತು. ಅವರು ನೇರವಾಗಿ ಅಂಗಡಿಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಚೀಲದೊಳಗೆ ಬೆರಳುದ್ದದ, ಕಪ್ಪು ಚುಕ್ಕೆಗಳ ಒಂದು ಮೀನು ಹೊಟ್ಟೆಯ ಕಡೆಗಿದ್ದ ಬಾಯಿಯಿಂದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು.

"ತಗೊಳ್ಳಿ, ಇನ್ಮೇಲೆ ನಿಮಗೆ ಕೆಲಸವೇ ಇಲ್ಲ," ಎಂದರು. "ಇದಕ್ಕೆ ಕ್ಲೀನರ್ ಅಂತಾರೆ. ಗಾಜು ನೆಕ್ಕುತ್ತೆ, ಪಾಚಿ ತಿನ್ನುತ್ತೆ, ಎಲ್ಲ ತಾನೇ ತೊಳೆದುಕೊಳ್ಳುತ್ತೆ."

ಹೆಂಡತಿಗೆ ಅದರ ಜಾತಕವೆಲ್ಲ ಗೊತ್ತಿತ್ತು. ಬೇರೆಲ್ಲಿಂದಲೋ ಬಂದ ಮೀನು. ಗಾಜಿನೊಳಗೆ ಬೆರಳಿನಷ್ಟಿದ್ದದ್ದು ಕೊಳಕ್ಕೆ ಬಿದ್ದರೆ ಮೊಳದುದ್ದ ಆಗುತ್ತದೆ, ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಮೀನು ಸಾಕುವವರು ಅದರ ಹೆಸರೆತ್ತಿದರೆ ಶಾಪ ಹಾಕುತ್ತಾರೆ. ಇದನ್ನೆಲ್ಲ ಅವಳು ಬಿಡಿಸಿ ಹೇಳಿದಳು. ಮೇಷ್ಟ್ರು ಸಮಾಧಾನವಾಗಿ ಕೇಳಿಸಿಕೊಂಡು, "ಅಂಗಡಿಯವನು ಹಾಗೇನೂ ಹೇಳಲಿಲ್ಲವಲ್ಲ," ಎಂದರು. ಆ ವಿಷಯದಲ್ಲಿ ಡಾಕ್ಟರೇಟ್ ಪಡೆದವಳು ತಮ್ಮ ಹೆಂಡತಿ ಎನ್ನುವುದು ಅವರಿಗೆ ಮರೆತಿರಲಿಲ್ಲ. ಆದರೆ ಅಂಗಡಿಯವನು ಅಂಗಡಿಯವನೇ.

ಕ್ಲೀನರ್ ಬೆಳೆಯಿತು. ಪಾಚಿ ತಿಂದದ್ದು ಮೊದಮೊದಲಿಗೆ. ಆಮೇಲೆ ಉಳಿದ ಮೀನುಗಳಿಗೆ ಹಾಕಿದ ತಿಂಡಿಗೇ ಬಾಯಿಹಾಕಿ, ಗಾಜಿನ ತುಂಬ ಉದ್ದುದ್ದ ದಾರದಂಥ ಹೊಲಸು ಎಳೆದಿಟ್ಟಿತು. ವಾರಕ್ಕೊಮ್ಮೆ ತೊಳೆಯುತ್ತಿದ್ದದ್ದು ಎರಡು ಸಲವಾಯಿತು. ಕೆಲಸಕ್ಕೆಂದು ಮನೆಗೆ ಬಂದು, ಕೂತು ಉಂಡು, ಇರುವವರ ಕೆಲಸವನ್ನೂ ಹೆಚ್ಚಿಸಿದೆ ಅಂದಮೇಲೆ ಇದು ಗಂಡೇ ಇರಬೇಕು ಎಂದರು ಅತ್ತೆ. ಕೊಯ್ದು ನೋಡದೆ ಹಾಗೆಲ್ಲ ಹೇಳಲಾಗದು ಎಂದಳು ವಿಜ್ಞಾನಿ ಸೊಸೆ. ಅತ್ತೆಗೆ ಸಂಶಯವೇ ಇರಲಿಲ್ಲ. ಒಂದು ದಿನ ಅದು ಮೇಲಕ್ಕೆ ಹಾರಿ ಮುಚ್ಚಳದ ಸಂದಿನಲ್ಲಿ ಬಾಲ ಸಿಕ್ಕಿಸಿಕೊಂಡಿತು. ಸೊಸೆಯೇ ಬಿಡಿಸಿದಳು. ಬಾಲದ ಮೇಲಿನ ಎಸಳು ಅರ್ಧ ಹರಿದುಹೋಗಿ, ಮತ್ತೆ ಬೆಳೆಯುವಾಗ ಕೊಕ್ಕೆಯ ಹಾಗೆ ಸೊಟ್ಟಗಾಯಿತು.

ಇತ್ತ ಕೇಂದ್ರದಲ್ಲೂ ಇದೇ ಮೀನಿನ ಗೋಳು. ಸುತ್ತಲಿನ ಕೊಳಗಳಲ್ಲೆಲ್ಲ ಅದು ಹಬ್ಬಿ, ದಂಡೆಗಳು ಒಳಗೇ ಟೊಳ್ಳಾಗಿ ಕುಸಿಯುತ್ತಿದ್ದವು. ಬಲೆ ಹಾಕಿದರೆ ಅದರ ಮುಳ್ಳಿಗೆ ಸಿಕ್ಕಿ ಬಲೆಯೇ ಚಿಂದಿ. ನಿರ್ದೇಶಕರು ಸಭೆ ಕರೆದು ಒಂದು ಮಹಾ ಯೋಜನೆ ಮುಂದಿಟ್ಟರು. ಈ ಮೀನನ್ನು ಹಿಡಿಯುವುದು, ಕೊಲ್ಲುವುದು ಏನೂ ಬೇಡ, ತಿಂದೇ ಮುಗಿಸೋಣ. ಮನೆಮನೆಯ ಹೆಣ್ಣುಮಕ್ಕಳು ಮನಸ್ಸು ಮಾಡಿದರೆ ಎರಡೇ ವರ್ಷದಲ್ಲಿ ಇದರ ಹುಟ್ಟಡಗುತ್ತದೆ. ಗೋಡೆಗೆ ಹಚ್ಚುವ ಚಿತ್ರವೂ ಸಿದ್ಧವಾಗಿತ್ತು: ನಗುನಗುತ್ತ ಒಲೆಯ ಮುಂದೆ ನಿಂತ ಹೆಂಗಸು, ತಟ್ಟೆಯ ಮುಂದೆ ಕುಳಿತ ಗಂಡಸು. ಸಭೆಯಲ್ಲಿದ್ದವರೆಲ್ಲ ತಲೆದೂಗಿದರು.

"ಇದನ್ನ ಕೊಯ್ಯೋರು ಯಾರು, ಸರ್?" ಎಂದು ಕೇಳಿದಳು ಕೊಳದ ಮೇಡಂ.

"ಅದನ್ನ ನಾವು ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾ ಮೇಡಂ?" ಎಂದು ನಿರ್ದೇಶಕರು ನಕ್ಕರು.

ಅವಳು ಎದ್ದುಹೋಗಿ ಪ್ರಯೋಗಾಲಯದಿಂದ ಒಂದು ಸತ್ತ ಮೀನನ್ನೂ ಚಾಕುವನ್ನೂ ತಂದು ಮೇಜಿನ ಮೇಲಿಟ್ಟಳು. ಆ ಮೀನಿಗೆ ಇರುವುದು ಚರ್ಮವಲ್ಲ, ಕವಚ; ಬೆನ್ನಿನಿಂದ ಬಾಲದವರೆಗೆ ಗಟ್ಟಿ ಬಿಲ್ಲೆಗಳನ್ನು ಜೋಡಿಸಿಟ್ಟಂತಿರುತ್ತದೆ. ಒಬ್ಬ ಹಿರಿಯ ವಿಜ್ಞಾನಿ ಹುರುಪಿನಿಂದ ಚಾಕು ಹಿಡಿದರು. ಚಾಕು ಜಾರಿ ನಿರ್ದೇಶಕರ ಕಡತ ಕುಯ್ಯಿತು. ಆಮೇಲೆ ಯಾರೂ ಕೈಹಾಕಲಿಲ್ಲ. ಮುಖ ಉಳಿಸಿಕೊಳ್ಳಲು ನಿರ್ದೇಶಕರೇ ಒಂದು ಒಪ್ಪಂದಕ್ಕೆ ಬಂದರು. ಮೇಡಂಗೆ ಏಳನೇ ಕೊಳ ಬಿಟ್ಟುಕೊಡುವುದು. ಬಿಲ ಮುಚ್ಚಿ, ಬರುವ ನೀರು ಸೋಸಿ ಈ ಮೀನನ್ನು ತಡೆಯಬಹುದೆಂದು ಅವರು ಹೇಳುತ್ತಲೇ ಬಂದಿದ್ದ ವಿಧಾನದಲ್ಲಿ ಅದನ್ನು ಸ್ವಚ್ಛ ಮಾಡಿ, ಗೆಂಡೆ ಮೀನಿನ ಮರಿ ಬಿಟ್ಟು ಸಾಕಲಿ. ಫಸಲು ಎತ್ತುವ ದಿನ ಬಲೆಗೆ ಒಂದೇ ಒಂದು ಕ್ಲೀನರ್ ಬೀಳದಿದ್ದರೆ ಆ ವಿಧಾನವನ್ನು ಎಲ್ಲ ಸಾಕಣೆದಾರರಿಗೂ ಕಲಿಸುವುದು, ಅವರೇ ಅದರ ಮುಖ್ಯಸ್ಥೆ. ಒಂದು ಬಿದ್ದರೂ ತಿನ್ನುವ ಯೋಜನೆಯೇ ಗತಿ; ಅಡುಗೆ ಪ್ರಾತ್ಯಕ್ಷಿಕೆಯ ಸಮಿತಿಗೆ ಅಧ್ಯಕ್ಷರೂ ಮೇಡಂ ಅವರೇ. ಇಷ್ಟು ವರ್ಷ ಓದಿ, ಕೆಸರಲ್ಲಿ ನಿಂತು, ಕೊನೆಗೆ ಏಪ್ರನ್ ಕಟ್ಟಿಕೊಂಡು ಊರೂರು ತಿರುಗುವ ಯೋಗ ಅವಳ ನೆತ್ತಿಯ ಮೇಲೆ ತೂಗಾಡತೊಡಗಿತು.

ಅವಳು ಕೊಳದ ನೀರೆಲ್ಲ ಹೊರಹಾಕಿಸಿದಳು. ಕೆಸರು ಬಿರುಕು ಬಿಡುವವರೆಗೆ ಬಿಸಿಲಿಗೆ ಒಣಗಿಸಿದಳು. ದಂಡೆಯ ಒಂದೊಂದು ಬಿಲಕ್ಕೂ ಕೈಹಾಕಿ ಮೊಟ್ಟೆಯ ಮುದ್ದೆ ಕೆರೆದು ತೆಗೆದು, ಜೇಡಿಮಣ್ಣು ಮೆತ್ತಿದಳು. ನೀರು ಬರುವ ಬಾಯಿಗೆ ಎರಡು ಪದರ ಜಾಲರಿ ಕಟ್ಟಿ, ದಿನವೂ ಅದರ ಕಸ ತೆಗೆದಳು. ವರದಿಯಲ್ಲಿ ಇದಕ್ಕೆಲ್ಲ ಭಾರಿ ಭಾರಿ ಹೆಸರುಗಳಿದ್ದವು. ಮಾಡಿದ್ದು ಮಾತ್ರ ತೊಳೆಯುವುದು, ಕೆರೆಯುವುದು, ಒಣಗಿಸುವುದು, ಸೋಸುವುದು. ಕೊಳದ ಬೇಲಿಗೆ ಬೀಗ ಹಾಕಿಸಿ, ತನ್ನ ಅಪ್ಪಣೆಯಿಲ್ಲದೆ ಯಾರನ್ನೂ ಬಿಡಬಾರದೆಂದು ಕಾವಲುಗಾರನಿಗೆ ತಾಕೀತು ಮಾಡಿದಳು. ಅವನು ನಿಯತ್ತಿನ ಮನುಷ್ಯ. ಸಂಜೆ ಅವಳು ಮನೆಗೆ ಹೊರಟಾಗಲೂ ಅವಳ ಚೀಲ ಬಿಚ್ಚಿಸಿ, ಮೀನುಮರಿ ಕದ್ದೊಯ್ಯುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ.

ಗೆಂಡೆಗಳು ಚೆನ್ನಾಗಿ ಬೆಳೆಯುತ್ತಿದ್ದವು. ಫಸಲಿಗೆ ಕೆಲವು ವಾರ ಇರುವಾಗ ಅವಳು ತರಬೇತಿಯೊಂದಕ್ಕೆ ಬೇರೆ ಊರಿಗೆ ಹೋಗಬೇಕಾಯಿತು. ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದರು. ತೊಟ್ಟಿಯ ಉಳಿದ ಮೀನುಗಳು ಅಷ್ಟರಲ್ಲಿ ಒಂದೊಂದಾಗಿ ಸತ್ತುಹೋಗಿದ್ದವು; ಮನೆಯಲ್ಲಿ ಮೇಷ್ಟ್ರು ಮತ್ತು ಕ್ಲೀನರ್ ಇಬ್ಬರೇ. ಹೋಗುವ ಮುಂಚೆ ಅವಳು, ಅದನ್ನು ಅಂಗಡಿಗೇ ಕೊಟ್ಟುಬಿಡಿ ಇಲ್ಲವೇ ನೀವೇ ನೀರು ಬದಲಾಯಿಸಿ ಎಂದು ಹೇಳಿ, ಹೇಗೆ ಮಾಡಬೇಕೆಂದು ತೋರಿಸಿಯೂ ಕೊಟ್ಟಿದ್ದಳು. ವಾಪಸು ಬಂದು ನೋಡಿದರೆ ತೊಟ್ಟಿ ಖಾಲಿ.

"ನಾನೇ ಆ ಕೆಲಸ ಮುಗಿಸಿದೆ," ಎಂದರು ಮೇಷ್ಟ್ರು. "ಒಳ್ಳೇ ಕಡೆ ಸೇರಿಸಿದೀನಿ. ಮೀನಿನ ವಿಷಯ ಬಲ್ಲೋರ ಕೈಲಿದೆ. ನೀನು ಚಿಂತೆ ಬಿಡು."

ಅಂಗಡಿಗೇ ಕೊಟ್ಟಿದ್ದಾರೆ ಎಂದುಕೊಂಡಳು. ಮದುವೆಯಾದಂದಿನಿಂದ ತಾನು ಹೇಳಿದ ಕೆಲಸವನ್ನು ಗಂಡ ಹಾಗೆಯೇ ಮಾಡಿದ್ದು ಇದೇ ಮೊದಲು. ಅವಳಿಗೆ ಕಣ್ತುಂಬಿ ಬರುವುದೊಂದು ಬಾಕಿ. ಕೇಂದ್ರದಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡಳು. ಎರಡು ಪದರ ಜಾಲರಿಯಿಲ್ಲದೆ ನೀರನ್ನೂ ನಂಬದವಳು, ಯಾವ ಅಂಗಡಿ ಎಂದು ಒಂದು ಮಾತೂ ಕೇಳಲಿಲ್ಲ. ಅತ್ತೆ ಬಂದವರು ಮಾತ್ರ, ತಮ್ಮ ಮುಚ್ಚಳದ ಬಕೆಟ್ಟಿಗೆ ಕೊಳದ ಕೆಸರು ಮೆತ್ತಿಕೊಂಡಿದೆಯಲ್ಲ, ಅಂಗಡಿಗೆ ಹೋದ ಬಕೆಟ್ಟಿಗೆ ಕೆಸರು ಎಲ್ಲಿಂದ ಬಂತು ಎಂದು ಗೊಣಗುತ್ತ ಅದನ್ನು ತೊಳೆದಿಟ್ಟರು. ಅತ್ತೆ ಗೊಣಗುವುದು ಇದ್ದದ್ದೇ ಎಂದು ಸೊಸೆ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಒಂದು ತಪ್ಪಿಗೆ ಅವಳು ಆಮೇಲೆ ತನ್ನನ್ನು ತಾನೇ ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಫಸಲಿನ ದಿನ ಬಂತು. ಪರಿಶೀಲನಾ ಸಮಿತಿಯ ಸದಸ್ಯರು ಶಾಮಿಯಾನದ ಕೆಳಗೆ ಕುಳಿತರು. ಸಾಕಣೆದಾರರು ದಂಡೆಯುದ್ದಕ್ಕೂ ನಿಂತರು. ಸಿಬ್ಬಂದಿಯ ಮನೆಯವರಿಗೂ ಊಟವಿದ್ದುದರಿಂದ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಾಯಿಯನ್ನೂ ಕರೆದುಕೊಂಡು ಬಂದಿದ್ದರು. ಇಸ್ತ್ರಿ ಮಾಡಿದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲ ಎಳೆತಕ್ಕೆ ಬಲೆಯ ತುಂಬ ಗೆಂಡೆ. ಎರಡನೆಯದಕ್ಕೂ ಅದೇ. ಸಾಕಣೆದಾರರು ಹತ್ತಿರ ಬಂದು ಜಾಲರಿ ಹೇಗೆ ಕಟ್ಟಿದಿರಿ, ಮಣ್ಣು ಎಷ್ಟು ದಪ್ಪ ಮೆತ್ತಿದಿರಿ ಎಂದು ವಿಚಾರಿಸತೊಡಗಿದರು. ರಬ್ಬರ್ ಪ್ಯಾಂಟಿನೊಳಗೆ ನಿಂತ ಅವಳಿಗೆ ಕಾಲು ನೆಲದ ಮೇಲಿಲ್ಲ. ನೀರು ಮೊಣಕಾಲಿಗಿಳಿದ ಮೇಲೆ ಕೊನೆಯ ಸಲ ಬಲೆ ಎಳೆದರು. ಬೆಳ್ಳಗೆ ಹೊರಳಾಡುವ ಗೆಂಡೆಗಳ ಕೆಳಗಿಂದ, ಸೌದೆಯ ಕೊರಡಿನಂತೆ ಕಪ್ಪಗೆ, ಯಾವ ಅವಸರವೂ ಇಲ್ಲದೆ ಒಂದು ಕ್ಲೀನರ್ ಮೇಲೆ ಬಂತು.

ನಿರ್ದೇಶಕರು ಕುರ್ಚಿಯಿಂದೆದ್ದು ಬಂದು ಬಗ್ಗಿ ನೋಡಿದರು. ಅವರ ಮುಖದಲ್ಲಿ ಸಂತಾಪ ಎದ್ದು ಕಾಣುತ್ತಿತ್ತು. ಅದರ ಅಡಿಯಲ್ಲಿ ಖುಷಿಯೂ ಕಾಣುತ್ತಿತ್ತು. ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನಿಮ್ಮ ಪ್ರಯತ್ನ ದೊಡ್ಡದು, ಇನ್ನು ಅಡುಗೆ ಸಮಿತಿಯ ಕೆಲಸ ಆರಂಭಿಸೋಣ ಎಂದು ಮೆಲ್ಲಗೆ ಹೇಳಿದರು. ಅವಳಿಗೆ ಅದೊಂದೂ ಕೇಳಿಸಲಿಲ್ಲ. ಅವಳು ನೋಡುತ್ತಿದ್ದದ್ದು ಮೀನಿನ ಬಾಲವನ್ನು. ಮೇಲಿನ ಎಸಳು ಕೊಕ್ಕೆಯ ಹಾಗೆ ಸೊಟ್ಟಗಿತ್ತು. ವರ್ಷಗಟ್ಟಲೆ ಅದರ ಹೊಲಸು ಬಳಿದಿದ್ದಾಳೆ. ಜಗತ್ತಿನ ಅಷ್ಟೂ ಕ್ಲೀನರ್‌ಗಳ ನಡುವೆ ನಿಲ್ಲಿಸಿದರೂ ಅದನ್ನು ಗುರುತಿಸಬಲ್ಲಳು.

ಅಷ್ಟರಲ್ಲಿ ಮೇಷ್ಟ್ರು ದಂಡೆಯ ಅಂಚಿಗೆ ಬಂದು ಅವಳತ್ತ ಬಾಗಿ, ಗುಟ್ಟು ಹೇಳುವ ದನಿಯಲ್ಲಿ, "ನೋಡಿದೆಯಾ, ಎಷ್ಟು ಚೆನ್ನಾಗಿ ಮೈಕೈ ತುಂಬಿಕೊಂಡಿದೆ," ಎಂದರು. ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

ಅವಳು ಗಂಡನ ಮುಖವನ್ನೇ ನೋಡಿದಳು. "ಅದನ್ನೇ ಸ್ವಲ್ಪ ಜೋರಾಗಿ ಹೇಳಿ. ಸಮಿತಿಯವರೂ ಕೇಳಲಿ."

ಒಳ್ಳೆಯ ಕೆಲಸ ಮಾಡಿದ್ದನ್ನು ಹೆಂಡತಿ ನಾಲ್ಕು ಜನರ ಮುಂದೆ ಹೇಳಿಸುತ್ತಿದ್ದಾಳೆ ಎಂದು ಮೇಷ್ಟ್ರು ತಿಳಿದರು. ಗಂಟಲು ಸರಿಮಾಡಿಕೊಂಡು, ಭಾಷಣದ ದನಿಯಲ್ಲಿ ಎಲ್ಲವನ್ನೂ ವಿವರಿಸಿದರು. ಮನೆಯ ತೊಟ್ಟಿ ಚಿಕ್ಕದಾಗಿತ್ತು. ಜೀವವೊಂದು ಇಕ್ಕಟ್ಟಿನಲ್ಲಿ ನರಳುವುದನ್ನು ನೋಡಲಾಗಲಿಲ್ಲ. ಹೆಂಡತಿಯ ಕೊಳದ ನೀರು ಸ್ವಚ್ಛವಾಗಿದೆಯೆಂದು ಅವಳ ಬಾಯಿಂದಲೇ ಕೇಳಿದ್ದರು. ಅಮ್ಮನ ಬಕೆಟ್ಟಿನಲ್ಲಿ ತಂದು ಬಿಟ್ಟರು. ಎಲ್ಲರೂ ಕಾವಲುಗಾರನ ಕಡೆ ತಿರುಗಿದರು. ಮೇಡಂ ಯಜಮಾನರು ಬಕೆಟ್ ಹಿಡಿದು ಬಂದರೆ ಏನಿದೆ ಅಂತ ಕೇಳೋಕಾಗುತ್ತಾ ಸರ್, ಮರ್ಯಾದೆ ಅಲ್ಲ ಎಂದ ಅವನು.

ಅತ್ತೆ ಶಾಮಿಯಾನದ ಕೆಳಗಿನಿಂದಲೇ ಅಂದರು: "ನಾನು ಆವತ್ತೇ ಹೇಳಲಿಲ್ಲವೇನಮ್ಮಾ, ಬಕೆಟ್ಟಿಗೆ ಕೆಸರಿತ್ತು ಅಂತ."

ಅಂಗಿಯ ಕಾಲರಿನೊಳಗೆ ಮೇಷ್ಟರಿಗೆ ಬೆವರಿಳಿಯಲು ಶುರುವಾದದ್ದು ಆಗ. ನಿರ್ದೇಶಕರು ಅವಳನ್ನು ಪಕ್ಕಕ್ಕೆ ಕರೆದರು. ಮನೆಯ ವಿಷಯ ವರದಿಗೆ ಬರುವುದು ಚೆನ್ನಾಗಿರುವುದಿಲ್ಲ, ಯಾವುದೋ ಹಕ್ಕಿ ಕಚ್ಚಿ ತಂದು ಬೀಳಿಸಿತೆಂದು ಬರೆದುಬಿಡೋಣ ಎಂದರು. ಅವಳ ವಿಧಾನ ಸೋತಿತು ಎನ್ನಲು ಅವರಿಗೆ ಸಂಕೋಚವಿರಲಿಲ್ಲ. ಒಬ್ಬ ಗೃಹಸ್ಥರ ಮಾನ ಹೋಗಬಾರದು ಎಂಬುದಷ್ಟೇ ಅವರ ಕಳಕಳಿ.

"ಇಷ್ಟು ದಪ್ಪದ್ದನ್ನ ಯಾವ ಹಕ್ಕಿ ಸರ್ ಹೊರೋದು?" ಎಂದಳು ಅವಳು, ಪಕ್ಕಕ್ಕೆ ಸರಿಯದೆ, ಎಲ್ಲರಿಗೂ ಕೇಳುವ ಹಾಗೆ. "ಹೋಗಲಿ, ನಿಮ್ಮ ಕಚೇರಿ ಮುಂದಿನ ಅಕ್ವೇರಿಯಂನಲ್ಲಿ ಒಂದು ಕ್ಲೀನರ್ ಇತ್ತಲ್ಲ. ಈಚೆಗೆ ಕಾಣ್ತಿಲ್ಲ. ಎಲ್ಲಿ ಹೋಯ್ತು?"

ಸಾಕಣೆದಾರರೊಬ್ಬರು ಫಕ್ಕನೆ ನಕ್ಕುಬಿಟ್ಟರು. ತೊಟ್ಟಿ ಒರೆಸುವ ಆಳು ಬಿಟ್ಟುಹೋದ ಮೇಲೆ ಅದು ಬಹಳ ಹೊಲಸು ಮಾಡುತ್ತಿತ್ತು, ಹಿಂದಿನ ಕಾಲುವೆಗೆ ಬಿಡಿಸಿದೆ, ಅಲ್ಲಿ ಹರಿಯುವ ನೀರಿದೆಯಲ್ಲ ಎಂದರು ನಿರ್ದೇಶಕರು. ಆ ಕಾಲುವೆಯ ನೀರೇ ಸುತ್ತಲಿನ ಕೊಳಗಳಿಗೆಲ್ಲ ಹೋಗುವುದೆಂಬುದು ಅಲ್ಲಿದ್ದ ಯಾರಿಗೂ ತಿಳಿಯದ್ದಲ್ಲ. ಸಮಿತಿಯ ಹಿರಿಯ ಸದಸ್ಯರು ತಮ್ಮ ಮೊಮ್ಮಗನದನ್ನು ಕೆರೆಗೆ ಬಿಟ್ಟದ್ದಾಗಿ ತಾವಾಗಿಯೇ ಒಪ್ಪಿಕೊಂಡರು. ಇನ್ನೊಬ್ಬರು ಕನ್ನಡಕ ಒರೆಸುತ್ತ, ನಮ್ಮ ಮನೆಯಲ್ಲೂ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಎಲ್ಲ ಒಳ್ಳೆಯ ಮನಸ್ಸಿನವರು. ಯಾರೊಬ್ಬರಿಗೂ ಮೀನು ಸಾಯುವುದು ಇಷ್ಟವಿರಲಿಲ್ಲ. ತೊಟ್ಟಿ ತೊಳೆಯುವುದೂ ಇಷ್ಟವಿರಲಿಲ್ಲ.

ಇನ್ನು ಸೋತಿತೆಂದು ಹೇಳುವ ಬಾಯಿ ಯಾರಿಗೂ ಉಳಿದಿರಲಿಲ್ಲ. ಅವಳು ಸಮಿತಿಯವರನ್ನು ಕೆಸರಿಗಿಳಿಸಿ ದಂಡೆ ಸುತ್ತಿಸಿದಳು. ಒಂದು ಹೊಸ ಬಿಲವಿರಲಿಲ್ಲ, ಒಂದು ಮರಿಯಿರಲಿಲ್ಲ. ಜಾಲರಿಗಳು ಕಟ್ಟಿದ ಹಾಗೇ ಇದ್ದವು. ಕೊಳಕ್ಕೆ ಮೀನು ಬಂದದ್ದು ಗೇಟಿನಿಂದ. ಸಮಿತಿ ಅಲ್ಲೇ ತೀರ್ಮಾನಿಸಿತು: ವಿಧಾನ ಸಾಕಣೆದಾರರಿಗೆ ಹೋಗುತ್ತದೆ, ಅವಳೇ ಕಲಿಸುತ್ತಾಳೆ, ಅಕ್ವೇರಿಯಂ ಇರುವ ಮನೆಗಳ ಸಮೀಕ್ಷೆಯೂ ಅದರ ಭಾಗ. ಸಮೀಕ್ಷೆಯಲ್ಲಿ ಮೊದಲು ಏನು ಕೇಳುತ್ತೀರಿ ಎಂದರು ಹಿರಿಯ ಸದಸ್ಯರು. ಇದನ್ನ ತೊಳೆಯೋರು ಯಾರು ಅಂತ ಕೇಳ್ತೀನಿ ಎಂದಳು. ಹಿರಿಯರು ಅದನ್ನು ಬರೆದುಕೊಳ್ಳಲು ಹೋಗಿ, ಏಕೋ ಪೆನ್ನು ಜೇಬಿಗಿಟ್ಟರು. ತಿನ್ನುವ ಯೋಜನೆಯನ್ನು ಕೈಬಿಟ್ಟೆವೆಂದು ಯಾರೂ ಹೇಳಲಿಲ್ಲ. ಕೊಯ್ಯುವವರು ಸಿಗುವವರೆಗೆ ಮುಂದೂಡಲಾಗಿದೆ, ಅಷ್ಟೆ.

ಊಟಕ್ಕೆ ಎಲ್ಲರೂ ಎದ್ದುಹೋದ ಮೇಲೆ ಉಳಿದದ್ದು ಬಾನಿಯಲ್ಲಿದ್ದ ಕ್ಲೀನರ್. ಹಿಡಿದ ಮೀನನ್ನು ಕೊಂದು ಗುಂಡಿಯಲ್ಲಿ ಹೂಳಬೇಕೆಂಬುದು ಕೇಂದ್ರದ ನಿಯಮ. ಮೇಷ್ಟ್ರು ಊಟಕ್ಕೂ ಹೋಗದೆ ಅಲ್ಲೇ ನಿಂತಿದ್ದರು. ತಪ್ಪು ತಮ್ಮದಿರಬಹುದು, ಮೂಕಜೀವಕ್ಕೇಕೆ ಶಿಕ್ಷೆ ಎಂದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನೆಗಡಿಯದಲ್ಲ.

ಅವಳಿಗೆ ಸಿಟ್ಟು ಮಾಡುವಷ್ಟು ಶಕ್ತಿ ಉಳಿದಿರಲಿಲ್ಲ. ಪ್ಯಾಂಟಿನ ಹಗ್ಗ ಬಿಚ್ಚುತ್ತ ಹೇಳಿದಳು: "ಕೊಲ್ಲೋದು ಬೇಡ ಅಂದ್ರೆ ಬೇಡ. ಮನೆಗೆ ತಗೊಂಡು ಹೋಗಿ, ನಿರ್ದೇಶಕರ ಹತ್ತಿರ ನಾನು ಅಪ್ಪಣೆ ಕೇಳ್ತೀನಿ. ಇದರ ತೊಟ್ಟಿ ಮಾತ್ರ ನೀವು ತೊಳೀಬೇಕು. ನಾನಲ್ಲ, ಅತ್ತೆಯಲ್ಲ. ಇದು ಬದುಕಿರೋವರೆಗೂ."

"ಎಷ್ಟು ವರ್ಷ ಬದುಕುತ್ತೆ?"

"ಹತ್ತು, ಹದಿನೈದು."

ತರ್ಕಶಾಸ್ತ್ರದ ಮೇಷ್ಟ್ರು ಯೋಚಿಸಿದರು. ಬಾನಿಯೊಳಗಿನ ಮೀನನ್ನು ನೋಡಿದರು, ತಮ್ಮ ಎರಡು ಕೈಗಳನ್ನು ನೋಡಿಕೊಂಡರು, ಊಟದ ಪಂಕ್ತಿಯಲ್ಲಿ ಜಾಗ ತುಂಬುತ್ತಿರುವುದನ್ನೂ ನೋಡಿದರು.

"ನಿಯಮ ಅಂತ ಒಂದಿದ್ದ ಮೇಲೆ," ಎಂದರು ಕೊನೆಗೆ, ಮೂಗು ಒರೆಸಿಕೊಂಡು, "ಅದನ್ನ ಮೀರೋದು ಸರಿಯಲ್ಲ."

ಅವಳು ಬೇಲಿಗೊರಗಿಸಿದ್ದ ಗುದ್ದಲಿಯನ್ನು ತಂದು ಅವರ ಕೈಗೆ ಕೊಟ್ಟಳು.